ಗುರುವಾರದ ಶಾರ್ಟ್‌ಹ್ಯಾಂಡ್ ಕ್ಲಾಸು

ನನಗೆ ಗ್ಯಾಸ್ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ಒಂದು ವರ್ಷ ಈ ಮಾತನ್ನು ನಂಬುವವರು ಇಡೀ ಚಾಮರಾಜಪೇಟೆಯಲ್ಲಿ ನನಗೆ ಒಬ್ಬರೂ ಸಿಗಲಿಲ್ಲ. ಎದೆ ಢವಢವ ಅಂದರೆ ಗ್ಯಾಸ್. ಕೈ ಜುಮ್ಮೆಂದರೆ ಗ್ಯಾಸ್. ಬಸ್ಸಿನಲ್ಲಿ ಉಸಿರು ಕಟ್ಟಿ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ, ಹಿಂದಿನ ಸೀಟಿನ ಅಪರಿಚಿತ ಯಜಮಾನರು ಭುಜ ತಟ್ಟಿ, "ಬೆಳಿಗ್ಗೆ ಅವರೇಕಾಳು ತಿಂದ್ರಾ?" ಅನ್ನುತ್ತಿದ್ದರು. ನಾನು ಈಗ ಹೆಚ್ಚುಕಮ್ಮಿ ನೆಟ್ಟಗಿದ್ದೇನೆ. ಈಗಲೂ ಯಾರಾದರೂ ಗ್ಯಾಸ್ ಅಂದರೆ ಮೈ ಉರಿಯುತ್ತದೆ.

ಆಗ ನನಗೆ ಇಪ್ಪತ್ತಮೂರು ವರ್ಷ. ಬಳೇಪೇಟೆಯ ಒಂದು ಬ್ಯಾಂಕಿನ ಶಾಖೆಯಲ್ಲಿ ಕೌಂಟರ್ ಗುಮಾಸ್ತ. ನನ್ನ ಮುಂದೆ ದಿನವಿಡೀ ಬಳೆ ವ್ಯಾಪಾರಿಗಳ ಸಾಲು, ಹೊರಗೆ ತಳ್ಳುಗಾಡಿಗಳ ಜಗಳ. ಶಾಖೆಯ ಅಧಿಕೃತ ವಿದೂಷಕ ನಾನೇ. ಮ್ಯಾನೇಜರ್ ನಡೆಯುವ ಹಾಗೆ ನಡೆದು ತೋರಿಸುವುದು, ಅವರು ಹಿಂದೆಯೇ ನಿಂತಿದ್ದಾರೆಂದು ಕೊನೆಗೆ ಗೊತ್ತಾಗುವುದು, ಇದೆಲ್ಲ ವಾರಕ್ಕೊಂದು ಸಲ ಆಗುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಒಬ್ಬ ವ್ಯಾಪಾರಿ ಡ್ರಾಫ್ಟಿನ ಅರ್ಜಿ ಚಾಚಿದರು. ಏನೂ ಆಗಿರಲಿಲ್ಲ. ಬೈದಿರಲಿಲ್ಲ, ತಪ್ಪಿರಲಿಲ್ಲ. ಆ ಕಾಗದದ ಅಕ್ಷರಗಳು ಇದ್ದಕ್ಕಿದ್ದಂತೆ ದೂರ ಹೋದವು. ಎದೆಯೊಳಗೆ ಯಾರೋ ಬಾಗಿಲು ಬಡಿದರು. ಇನ್ನು ಎರಡು ನಿಮಿಷದಲ್ಲಿ ಸಾಯುತ್ತೇನೆ ಅನ್ನಿಸಿತು. ಅನುಮಾನವಲ್ಲ, ಖಾತ್ರಿ. ನಾನು ಅಂಟಿನ ಬಾಟಲಿ ಉರುಳಿಸಿ, ಅರ್ಧಬಾಗಿಲು ಹಾರಿ, ಬೀದಿಗೆ ಓಡಿದೆ. ಬ್ಯಾಂಕಿನವನೇ ಓಡಿದರೆ ಜನ ಏನು ತಿಳಿಯಬೇಕು? ನನ್ನ ಹಿಂದೆ ಇಡೀ ಸಾಲು ಓಡಿಬಂತು. ಕೊನೆಯಲ್ಲಿ ಕಾವಲುಗಾರ, ಬಂದೂಕು ಹಿಡಿದುಕೊಂಡು.

"ಎಲ್ರೀ ಬೆಂಕಿ?" ಅಂದರು ಡ್ರಾಫ್ಟಿನವರು, ಏದುಸಿರು ಬಿಡುತ್ತ.

ತಳ್ಳುಗಾಡಿಯೊಂದಕ್ಕೆ ಒರಗಿ ನಿಂತಿದ್ದ ನನಗೆ ಸಾವು ಇನ್ನೂ ಬಂದಿರಲಿಲ್ಲ. "ಗ್ಯಾಸ್ ಸಾರ್," ಅಂದೆ. ಹೌದು. ಆ ಪದವನ್ನು ಮೊದಲು ಉಚ್ಚರಿಸಿದ ಪಾಪಿ ನಾನೇ.

ಅಲ್ಲಿಂದ ಶುರುವಾಯಿತು ಚಿಕಿತ್ಸೆ. ಅಮ್ಮ ಓಮ, ಇಂಗು, ಶುಂಠಿ ಹಾಕಿದ ಮಜ್ಜಿಗೆಯನ್ನು ದಿನಕ್ಕೆ ಮೂರು ಲೋಟ ಕುಡಿಸಿದಳು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕು. ಪ್ರತಿ ಕಾಯಿಲೆಗೂ ಅವರ ಆಜ್ಞೆ ಒಂದೇ: ಬೆಳಿಗ್ಗೆ ಲಾಲ್‌ಬಾಗಿನ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡಿ. ನಡೆದೆ. ಮುಳ್ಳು ಚುಚ್ಚಿತು. ಪಕ್ಕದ ಮನೆಯ ಪದ್ಮಮ್ಮ, "ಒಂದು ಮದುವೆ ಮಾಡ್ಬಿಡಿ, ಎಲ್ಲಾ ಸರಿಹೋಗತ್ತೆ," ಅಂದರು. ಮನೆಯಲ್ಲಿ ನನಗಿಂತ ಮೂರು ವರ್ಷ ದೊಡ್ಡವಳು ವಿಜಯಕ್ಕ ಇದ್ದಾಳೆ, ಅವಳ ಮದುವೆಯೇ ಆಗಿಲ್ಲ ಅಂತ ಅಮ್ಮನ ಕಣ್ಣು ತುಂಬಿತು. ನನ್ನ ಎದೆಬಡಿತ ಹೇಗೋ ವಿಜಯಕ್ಕನ ಜಾತಕಕ್ಕೆ ಹೋಗಿ ಮುಟ್ಟಿತು.

ಈ ನಡುವೆ ಆ ಬಾಗಿಲು ಬಡಿತ ವಾರಕ್ಕೆ ನಾಲ್ಕು ಸಲ ಬರತೊಡಗಿತು. ಮೂರನೇ ಸಲ ಎದೆಯ ಇ.ಸಿ.ಜಿ. ಪಟ್ಟಿ ತೆಗೆಸಿಕೊಂಡು ಹೋದಾಗ ನಮ್ಮ ಬಸವನಗುಡಿಯ ಡಾಕ್ಟರು ಅದನ್ನು ಗಾಂಧಿಬಜಾರಿನ ಹೂವಿನ ಮಾಲೆಯ ಹಾಗೆ ಎತ್ತಿ ಹಿಡಿದರು.

"ಕುದುರೆ ಥರ ಇದೆ ಕಣಯ್ಯಾ ನಿನ್ ಹಾರ್ಟು."

"ಅದೇ ಸಾರ್ ತೊಂದ್ರೆ. ನಿಲ್ಲಿಸಿ ಅಂದ್ರೂ ಓಡತ್ತೆ."

ಅವರು ನಗಲಿಲ್ಲ. ಟಾನಿಕ್ ಕಂಪನಿಯವರು ಕೊಟ್ಟ ಕಾರ್ಡಿನ ಹಿಂದೆ ಒಂದು ವಿಳಾಸ ಬರೆದರು. "ಮಲ್ಲೇಶ್ವರದಲ್ಲಿ ಲಲಿತಾ ಮೇಡಂ ಅಂತ ಇದಾರೆ. ಹೋಗಿ ಮಾತಾಡು."

"ಬರೀ ಮಾತಾ? ಮಾತ್ರೆ ಇಲ್ವಾ? ಅಂದ್ರೆ ನಂಗೆ ಹುಚ್ಚಾ ಸಾರ್?"

"ಭಯ ಕಣೋ ನಿಂಗೆ. ಜ್ವರ ಬಂದಂಗೆ ಭಯ ಬಂದಿದೆ. ಹೋಗು."

ಹೋಗು ಅನ್ನುವುದು ಸುಲಭ. ನಮ್ಮ ಕಡೆ ಹೆಣ್ಣು ಕೇಳುವವರು ಮೊದಲು ಜಾತಕ ನೋಡುತ್ತಾರೆ, ಆಮೇಲೆ ಬೀದಿಯಲ್ಲಿ ವಿಚಾರಿಸುತ್ತಾರೆ. ಅಂಗಡಿಯವನು, ಹಾಲಿನವನು, ಪದ್ಮಮ್ಮ, ಎಲ್ಲರ ಹತ್ತಿರವೂ. "ಮನೇಲಿ ಯಾರಿಗಾದ್ರೂ ತಲೆ ಗಿಲೆ?" ಅನ್ನುವುದು ಖಾಯಂ ಪ್ರಶ್ನೆ. ಆಗತಾನೇ ವೈಯಾಲಿಕಾವಲ್‌ನಿಂದ ವಿಜಯಕ್ಕನಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ವಿಜಯಕ್ಕ ಅವನ ಫೋಟೋವನ್ನು ನಾವು ಯಾರೂ ನೋಡುತ್ತಿಲ್ಲ ಅಂದುಕೊಂಡಾಗಲೆಲ್ಲ ನೋಡುತ್ತಿದ್ದಳು. ನಾನು ತಲೆಗೆ ಡಾಕ್ಟರ ಹತ್ತಿರ ಹೋಗುತ್ತೇನೆಂದು ಒಂದು ಹಾಲಿನ ಕ್ಯಾನಿಗೆ ಗೊತ್ತಾದರೂ ಆ ಫೋಟೋ ವಾಪಸ್ಸು ಹೋಗುತ್ತಿತ್ತು.

ಹಾಗಾಗಿ ಸುಳ್ಳು ಹೇಳಿದೆ. "ಗುರುವಾರ ಗುರುವಾರ ಸಂಜೆ ಮಲ್ಲೇಶ್ವರದಲ್ಲಿ ಶಾರ್ಟ್‌ಹ್ಯಾಂಡ್ ಕ್ಲಾಸಿಗೆ ಸೇರ್ಕೊಂಡೆ."

ನಮ್ಮ ಕಾಲದ ಬೆಂಗಳೂರಿನಲ್ಲಿ ಇದಕ್ಕಿಂತ ಪವಿತ್ರವಾದ ಸುಳ್ಳು ಇರಲಿಲ್ಲ. ಟೈಪಿಂಗ್, ಹೇಳಿದ್ದನ್ನು ಗೆರೆಗಳಲ್ಲೇ ಸರಸರ ಬರೆದುಕೊಳ್ಳುವ ಶಾರ್ಟ್‌ಹ್ಯಾಂಡ್ ಅಂದರೆ ತಂದೆಯಂದಿರಿಗೆ ಕಾಶಿ, ರಾಮೇಶ್ವರ. ಅಪ್ಪನ ಮುಖ ಅರಳಿತು. "ಕೊನೆಗೂ ಬುದ್ಧಿ ಬಂತು ನೋಡೇ ಇವ್ನಿಗೆ," ಅಂದರು ಅಮ್ಮನಿಗೆ.

ಮೊದಲ ಗುರುವಾರ ಮೆಜೆಸ್ಟಿಕ್‌ನಲ್ಲೇ ಬಸ್ಸಿನಿಂದ ಧುಮುಕಿದೆ, ಸಾಯುತ್ತೇನೆ ಅನ್ನಿಸಿ. ಉಳಿದದ್ದನ್ನು ನಡೆದೆ. ಮಾರ್ಗೋಸಾ ರಸ್ತೆಯ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ಹೆಂಗಸರ ಸಂಘವೊಂದರ ಹಂಚಿನ ಕಟ್ಟಡ. ಹಿಂದಿನ ಕೋಣೆ ಲಲಿತಾ ಮೇಡಂದು. ಮುಂದಿನ ಹಜಾರದಲ್ಲಿ ಹೊಲಿಗೆ ತರಗತಿ. ಕಾಯುವವರಿಗೆ ಅಲ್ಲೇ ಒಂದು ಬೆಂಚು. ಕಾಯುವ ಹೆಂಗಸರೇನೋ ಬ್ಲೌಸ್ ಹೊಲಿಸಲು ಬಂದವರ ಹಾಗೆ ಮುಖ ಮಾಡಿಕೊಂಡು ಕೂರಬಹುದಿತ್ತು. ನಾನು ಯಾವ ಮುಖ ಮಾಡಲಿ?

ಹೊಲಿಗೆ ಟೀಚರ್ ಕೇಳಿಯೇಬಿಟ್ಟರು. "ಅಳತೆ ಬ್ಲೌಸ್ ತಂದಿದೀರಾ?"

"ಮುಂದಿನ ವಾರ ತರ್ತೀನಿ," ಅಂದೆ.

ನಾನೆಂಥ ಬುದ್ಧಿವಂತ, ಮುಂದಿನ ವಾರ ತಂದೂಬಿಟ್ಟೆ. ಅಮ್ಮನ ಕಡುಗೆಂಪು ಬ್ಲೌಸು, ಚೀಲದಲ್ಲಿ, ಮರ್ಯಾದೆಯ ರಕ್ಷಣೆಗಾಗಿ. ಟೀಚರ್ ಅದನ್ನು ಇಸಿದುಕೊಂಡು, ಹೊಸದಾಗಿ ಸೇರಿದ ಹುಡುಗಿಯರಿಗೆ ಕಲಿಯಲು ಕೊಟ್ಟರು. ನಾನು ಒಳಗಿನಿಂದ ಬರುವಷ್ಟರಲ್ಲಿ ಎರಡೂ ತೋಳು ಬಿಚ್ಚಿದ್ದರು. ಮನೆಯಲ್ಲಿ ಅಮ್ಮ ಹದಿನೈದು ದಿನ ಆ ಬ್ಲೌಸಿಗಾಗಿ ಹುಡುಕಿ, ಕೊನೆಗೆ ಪದ್ಮಮ್ಮನ ಮೇಲೆ ಅನುಮಾನಪಟ್ಟು ಮಾತು ಬಿಟ್ಟಳು.

ಇನ್ನು ಒಳಗಿನ ಕಥೆ. ಲಲಿತಾ ಮೇಡಂ ಐವತ್ತರ ಆಸುಪಾಸಿನವರು. ಕೈಮಗ್ಗದ ಸೀರೆ, ಸಣ್ಣ ಕುಂಕುಮ, ಕೈಯಲ್ಲಿ ಏನೂ ಇಲ್ಲ. ಸ್ಟೆತಾಸ್ಕೋಪೂ ಇಲ್ಲ, ಪೆನ್ನೂ ಇಲ್ಲ. ನಾನು ಮಾತಾಡಬೇಕು, ಅವರು "ಹ್ಞೂಂ" ಅನ್ನಬೇಕು. ಇಷ್ಟೇ. ಎರಡು ಬಸ್ಸು ಹತ್ತಿ, ಸಾವನ್ನು ಗೆದ್ದು ಬಂದವನಿಗೆ "ಹ್ಞೂಂ"! ನಮ್ಮ ವಠಾರದ ಗೋಡೆ ಇದಕ್ಕಿಂತ ಚೆನ್ನಾಗಿ ಉತ್ತರ ಕೊಡುತ್ತಿತ್ತು. ಸಿಟ್ಟು ಬಂದು, ಕನಿಷ್ಠ ಅವರನ್ನು ನಗಿಸೋಣ ಅಂತ ನಾಲ್ಕು ವಾರ ನನ್ನ ಸಂಪೂರ್ಣ ಕಾರ್ಯಕ್ರಮ ನೀಡಿದೆ. ಮ್ಯಾನೇಜರ್ ನಡಿಗೆ, ಬೆಂಕಿಯ ಕಥೆ, ಬಂದೂಕಿನ ಕಾವಲುಗಾರ. ಅವರು ಚೆನ್ನಾಗಿಯೇ ನಕ್ಕರು. ಐದನೇ ವಾರ ಹೇಳಿದರು:

"ಸಾಯ್ತೀನಿ ಅನ್ನಿಸಿದ್ದನ್ನ ತುಂಬಾ ತಮಾಷೆಯಾಗಿ ಹೇಳಿದ್ರಿ ಶ್ರೀನಿವಾಸ್. ಅದನ್ನೇ ಇನ್ನೊಂದ್ಸಲ ಹೇಳಿ. ತಮಾಷೆ ಇಲ್ದೆ."

"ಅಷ್ಟೇ ತಾನೆ?" ಅಂದೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಇಪ್ಪತ್ತು ನಿಮಿಷ ಹೊರಗಿನ ಹೊಲಿಗೆ ಯಂತ್ರಗಳು ಮಾತ್ರ ಮಾತಾಡಿದವು. ಕೊನೆಗೆ ನಾನು ಹೇಳಿದ್ದು ಇಷ್ಟು: "ಮೇಡಂ, ನಂಗೆ ದಿನಾ ಭಯ ಆಗತ್ತೆ. ಬೆಳಿಗ್ಗೆ ಎದ್ದ ತಕ್ಷಣ ಆಗತ್ತೆ. ಯಾರಿಗೂ ಹೇಳಿಲ್ಲ." ಮೂರು ವಾಕ್ಯ. ಅದಕ್ಕೆ ಮೂಟೆ ಹೊತ್ತವನ ಹಾಗೆ ಬೆವೆತೆ.

ಆಗ ಅವರು ಎರಡು ಮನೆಪಾಠ ಕೊಟ್ಟರು. ಮೊದಲನೆಯದು, ಒಂದು ನೋಟ್‌ಬುಕ್ಕು ಇಟ್ಟುಕೊಳ್ಳುವುದು. ಭಯ ಬಂದಾಗ ಓಡಬಾರದು. ಕೂತಲ್ಲೇ ಪೆನ್ನನ್ನು ಹಾಳೆಗೆ ಊರಿ, ಭಯ ಏರಿದಂತೆ ಗೆರೆಯನ್ನು ಏರಿಸಬೇಕು, ಇಳಿದಂತೆ ಇಳಿಸಬೇಕು. "ಏರಿದ್ದು ತಾನಾಗೇ ಇಳಿಯತ್ತೆ ಅಂತ ನಾನು ಹೇಳಿದ್ರೆ ನೀವು ನಂಬಲ್ಲ. ನಿಮ್ಮ ಕೈಯೇ ಹೇಳ್ಲಿ," ಅಂದರು. ಎರಡನೆಯದು, ಮನೆಯಲ್ಲಿ ಒಬ್ಬರಿಗೆ ನಿಜ ಹೇಳುವುದು.

ಮೊದಲನೆಯದನ್ನು ಮಾಡಿದೆ. ಕೌಂಟರಿನಲ್ಲಿ, ಬಸ್ಸಿನಲ್ಲಿ, ಊಟದ ಎಲೆಯ ಮುಂದೆ ಕೂಡ. ಒಂದು ತಿಂಗಳಲ್ಲಿ ನೋಟ್‌ಬುಕ್ಕಿನ ತುಂಬ ಸೊಟ್ಟಸೊಟ್ಟ ಬೆಟ್ಟಗುಡ್ಡ. ಸಿಟ್ಟು ಬರಿಸುವ ವಿಷಯವೆಂದರೆ ಮೇಡಂ ಹೇಳಿದ್ದು ಸರಿಯಾಗಿತ್ತು. ಇಳಿಯದ ಬೆಟ್ಟ ಒಂದೂ ಇರಲಿಲ್ಲ. ಎರಡನೆಯದನ್ನು ಪ್ರತಿ ಗುರುವಾರ, "ಮುಂದಿನ ವಾರ ಮೇಡಂ," ಅಂತ ಮುಂದೂಡಿದೆ.

ಅಮ್ಮ ಒಂದು ದಿನ ಆ ನೋಟ್‌ಬುಕ್ಕು ತೆಗೆದು ನೋಡಿ, ಅಪ್ಪನನ್ನು ಕೂಗಿದಳು. "ನೋಡೀಂದ್ರೆ, ಶೀನಿ ಎಷ್ಟು ಶಾರ್ಟ್‌ಹ್ಯಾಂಡ್ ಬರ್ದಿದಾನೆ!"

ಅಪ್ಪ ಕನ್ನಡಕ ಏರಿಸಿ ನನ್ನ ಭಯಗಳನ್ನೆಲ್ಲ ಒಂದೊಂದಾಗಿ ನೋಡಿ, "ಕೈ ಕುದುರಿದೆ," ಅಂದರು.

ಅವರು ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹುಡುಗನ ಕಡೆಯವರು ವಿಜಯಕ್ಕನನ್ನು ನೋಡಲು ಬಂದ ಭಾನುವಾರ, ಉಪ್ಪಿಟ್ಟು ಕೇಸರಿಭಾತಿನ ನಡುವೆ ಅಪ್ಪ ಘೋಷಿಸಿದರು: "ಇವನು ನನ್ನ ಮಗ. ಬ್ಯಾಂಕಲ್ಲಿದಾನೆ. ಶಾರ್ಟ್‌ಹ್ಯಾಂಡೂ ಮಾಡ್ತಿದಾನೆ."

ಹುಡುಗನ ಸೋದರಮಾವ ರಾಮಮೂರ್ತಿಗಳು ಚಮಚ ಕೆಳಗಿಟ್ಟರು. ಅವರೇ ಆ ಮನೆಯ ಯಜಮಾನರು. ಅವರು ಹೂಂ ಅಂದರೆ ಸಂಬಂಧ, ಊಹೂಂ ಅಂದರೆ ಇಲ್ಲ. ವೃತ್ತಿ? ಕೋರ್ಟಿನಲ್ಲಿ ನಲವತ್ತು ವರ್ಷ ಶಾರ್ಟ್‌ಹ್ಯಾಂಡ್ ಬರೆದ ಸ್ಟೆನೋಗ್ರಾಫರ್, ಈಗ ನಿವೃತ್ತರು. ಬೆಂಗಳೂರಿನಲ್ಲಿ ಲಕ್ಷಾಂತರ ಸೋದರಮಾವಂದಿರು ಇದ್ದಾರೆ. ನನಗೆ ಸಿಕ್ಕಿದ್ದು ಇವರು.

"ಹೌದೇನಪ್ಪಾ? ನೋಟ್‌ಬುಕ್ ತಗೊಂಬಾ. ಒಂದು ನಾಲ್ಕು ಸಾಲು ಹೇಳ್ತೀನಿ."

"ಇವತ್ತು ಭಾನುವಾರ ಸಾರ್," ಅಂದೆ.

ಎಲ್ಲರೂ ನಕ್ಕರು. ಅಪ್ಪ ತಾವೇ ಎದ್ದು ಹೋಗಿ ಅದೇ ನೋಟ್‌ಬುಕ್ಕನ್ನು ತಂದು ನನ್ನ ತೊಡೆಯ ಮೇಲಿಟ್ಟರು. ವಿಜಯಕ್ಕ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಸಿರು ರೇಷ್ಮೆ ಸೀರೆ. ಇಡೀ ಜೀವನದಲ್ಲಿ ಅವಳು ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಬಾಗಿಲು ಬಡಿತ ಶುರುವಾಯಿತು.

ರಾಮಮೂರ್ತಿಗಳು ಇಂಗ್ಲಿಷಿನಲ್ಲಿ ಒಂದು ಅಧಿಕೃತ ಪತ್ರ ಹೇಳತೊಡಗಿದರು, ತಮ್ಮ ಇಂಥ ತಾರೀಕಿನ ಪತ್ರಕ್ಕೆ ಸಂಬಂಧಿಸಿದಂತೆ ಅಂತ ಶುರುವಾಗುವಂಥದ್ದು. ಎದ್ದು ಓಡಿದರೆ ವಿಜಯಕ್ಕ ಕದ್ದು ನೋಡುವ ಆ ಫೋಟೋನೂ ಓಡುತ್ತದೆ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಪೆನ್ನು ಊರಿದೆ. ಗೆರೆ ಏರಿತು. ಹಾಳೆಯ ಮೇಲ್ತುದಿಗೆ ಹೋಯಿತು, ಇನ್ನು ಜಾಗವಿಲ್ಲದೆ ಅಲ್ಲೇ ನಡುಗಿತು. ಬೆವರಿನ ಹನಿ ಬಿದ್ದು ಶಾಯಿ ಕದಡಿತು. ಅವರು ಹೇಳುತ್ತಲೇ ಇದ್ದರು, ನಾನು ಎಳೆಯುತ್ತಲೇ ಇದ್ದೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಗೆರೆ ನಿಧಾನಕ್ಕೆ ಕೆಳಗಿಳಿಯಿತು.

"ಓದು," ಅಂದರು.

ಬ್ಯಾಂಕಿನಲ್ಲಿ ದಿನಕ್ಕೆ ಇಂಥ ಇಪ್ಪತ್ತು ಪತ್ರ ನೋಡುವವನು ನಾನು. ಎಲ್ಲವೂ ಒಂದೇ. ಗಂಟಲು ಸರಿಮಾಡಿಕೊಂಡು, ಬೆಟ್ಟಗುಡ್ಡ ನೋಡುತ್ತ ಬಾಯಿಪಾಠ ಒಪ್ಪಿಸಿದೆ. ರಾಮಮೂರ್ತಿಗಳು ಕೈ ಚಾಚಿ ನೋಟ್‌ಬುಕ್ಕು ತೆಗೆದುಕೊಂಡರು. ಆ ಪುಟ ನೋಡಿದರು. ಹಿಂದಿನ ಪುಟ ತಿರುವಿದರು. ಇನ್ನೂ ಹಿಂದಕ್ಕೆ ಹೋದರು. ಆಮೇಲೆ ಮುಚ್ಚಿ ವಾಪಸ್ಸು ಕೊಟ್ಟು, "ಕ್ಲಾಸು ಬಿಡಬೇಡಪ್ಪಾ," ಅಂದರು. ಅಪ್ಪನ ಕಡೆ ತಿರುಗಿ, "ನಮಗೆ ಒಪ್ಪಿಗೆ," ಅಂದರು.

ಮನೆಯಲ್ಲಿ ಹಬ್ಬ. ಅಪ್ಪನ ಪ್ರಕಾರ ಸಂಬಂಧ ಕುದುರಿದ್ದು ವಿಜಯಕ್ಕನಿಂದಲ್ಲ, ನನ್ನ ಶಾರ್ಟ್‌ಹ್ಯಾಂಡಿನಿಂದ. ವಿದ್ಯೆ ಫಲ ಕೊಟ್ಟರೆ ಗುರುವಿಗೆ ಫಲತಾಂಬೂಲ ಕೊಡಬೇಕಲ್ಲವೇ? ಗುರುವಾರ ಸಂಜೆ ನಾನು ಚಪ್ಪಲಿ ಮೆಟ್ಟುವಾಗ ಅಪ್ಪ ಪಂಚೆ, ಮೇಲಂಗಿ, ಟೋಪಿ ಸಮೇತ ಸಿದ್ಧರಾಗಿ ನಿಂತಿದ್ದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಒಂದು ಜರಿಪಂಚೆ.

"ನಡಿ, ನಿಮ್ಮ ಮೇಷ್ಟ್ರಿಗೆ ಕೈ ಮುಗಿದು ಬರೋಣ."

"ಅವರು ತಗೊಳಲ್ಲ ಅಪ್ಪ. ನಾಸ್ತಿಕರು."

"ಬಾಳೆಹಣ್ಣು ತಿನ್ನದಿರೋ ನಾಸ್ತಿಕರು ಇದಾರೇನೋ? ನಡಿ."

ಬಸ್ಸಿನಲ್ಲಿ ಎಲ್ಲರೂ ತಟ್ಟೆ ನೋಡಿ ನಮಗೆ ಸೀಟು ಬಿಟ್ಟುಕೊಟ್ಟರು. ಮಾರ್ಗೋಸಾ ರಸ್ತೆಯ ತಿರುವಿನಲ್ಲಿ ಎಡಕ್ಕೆ ನಿಜವಾದ ಒಂದು ಟೈಪಿಂಗ್ ಸಂಸ್ಥೆ ಇತ್ತು. ಖಟಖಟ ಸದ್ದು ಬೀದಿಗೇ ಕೇಳುತ್ತಿತ್ತು. ಅಪ್ಪ ಅತ್ತ ತಿರುಗಿದರು. ಯಾರೋ ಒಬ್ಬ ಮೇಷ್ಟ್ರಿಗೆ ತಟ್ಟೆ ಕೊಡಿಸಿ, ಅವರು ಗಲಿಬಿಲಿಯಾಗುವಷ್ಟರಲ್ಲಿ ಅಪ್ಪನನ್ನು ಎಳೆದುಕೊಂಡು ಬರಬಹುದಿತ್ತು. ನಾನು ಅದಕ್ಕೆ ತಕ್ಕವನೇ. ಆದರೆ ಆ ಜರಿಪಂಚೆ ನೋಡಿದೆ. ಅದು ಅಪ್ಪ ತಮ್ಮ ನಿವೃತ್ತಿಯ ದಿನಕ್ಕೆಂದು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ ಹೊಸ ಪಂಚೆ.

"ಅಲ್ಲಲ್ಲ ಅಪ್ಪ. ಈ ಕಡೆ," ಅಂದೆ.

ಹೊಲಿಗೆ ಹಜಾರ ನೋಡಿ ಅವರು ತಬ್ಬಿಬ್ಬಾದರು. ಬೆಂಚಿನ ಮೇಲೆ ಕೂರಿಸಿ, ತಟ್ಟೆಯನ್ನು ನಾನೇ ಹಿಡಿದು ಹೇಳಿದೆ. ತಮಾಷೆ ಇಲ್ಲದೆ. ಶಾರ್ಟ್‌ಹ್ಯಾಂಡ್ ಇಲ್ಲ, ಆ ಗೆರೆಗಳು ನನ್ನ ಭಯ, ಒಳಗಿರುವವರು ಮನಸ್ಸಿನ ತೊಂದರೆಗೆ ಮಾತಾಡಿಸುವವರು. ಅಪ್ಪ ಬಹಳ ಹೊತ್ತು ಎದುರಿನ ಗೋಡೆ ನೋಡಿದರು. ಆಮೇಲೆ ಕೇಳಿದರು:

"ಆ ಮೊಳೇಲಿ ನೇತಾಡ್ತಿರೋದು ನಿಮ್ಮಮ್ಮನ ಬ್ಲೌಸಲ್ವೇನೋ?"

ಅದನ್ನೂ ಹೇಳಬೇಕಾಯಿತು. ಅದು ಹೆಚ್ಚು ಕಷ್ಟವಾಯಿತು.

ಅಷ್ಟರಲ್ಲಿ ಲಲಿತಾ ಮೇಡಂ ಬಾಗಿಲಿಗೆ ಬಂದರು. ಅಪ್ಪ ಎದ್ದು ನಿಂತರು. "ಇವನಿಗೆ ಏನು ಹೇಳ್ಕೊಡ್ತೀರಮ್ಮಾ?"

"ಮಾತಾಡೋದು."

"ಮನೇಲಿ ಬಾಯಿ ಮುಚ್ಚಲ್ಲ ಇವನು."

"ಹೌದು," ಅಂದರು ಮೇಡಂ. "ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ."

ಅಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಅವರಿಗೆ ಕೊಟ್ಟರು, ಜರಿಪಂಚೆ ಸಮೇತ. "ನಿಮ್ಮ ಮನೆಯೋರಿಗೆ ಆಗತ್ತೆ. ತಗೊಳಿ," ಅಂದರು. ನಾನು ಒಳಗೆ ಹೋಗಿ ಬರುವ ತನಕ ಆ ಬೆಂಚಿನ ಮೇಲೆ, ಕತ್ತರಿಸಿದ ಬಟ್ಟೆಗಳ ನಡುವೆ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಹೊರಗೆ ಬಂದಾಗ ಬ್ಲೌಸು ಅವರ ಬಗಲಲ್ಲಿತ್ತು. "ವೈಯಾಲಿಕಾವಲ್ ಇಲ್ಲೇ ಅಲ್ವಾ? ನಡಿ," ಅಂದರು.

"ಯಾಕಪ್ಪಾ?"

"ಸುಳ್ಳು ಹೇಳಿ ಹೆಣ್ಣು ಕೊಡಲ್ಲ ನಾನು."

ಕಾಲು ಹಿಡಿದುಕೊಳ್ಳುವುದೊಂದು ಬಾಕಿ. ವಿಜಯಕ್ಕ ಕದ್ದು ನೋಡುವ ಫೋಟೋ, ಅವಳ ಹಸಿರು ಸೀರೆ, ಎಲ್ಲ ಹೇಳಿ ಬೇಡಿಕೊಂಡೆ. ಹೆಡ್ ಕ್ಲರ್ಕು ಒಮ್ಮೆ ಕಡತ ತೆರೆದರೆ ಮುಗಿಯಿತು. ರಾಮಮೂರ್ತಿಗಳ ಜಗಲಿಯಲ್ಲಿ ನಿಂತೇ ಅಪ್ಪ ವರದಿ ಒಪ್ಪಿಸಿದರು. "ನನ್ನ ಮಗ ಶಾರ್ಟ್‌ಹ್ಯಾಂಡ್ ಕಲೀತಿಲ್ಲ. ಅವನಿಗೆ ಭಯದ ಕಾಯಿಲೆ ಇದೆ. ಅದಕ್ಕೆ ಚಿಕಿತ್ಸೆ ತಗೊಂತಿದಾನೆ. ಇದರ ಮೇಲೆ ನೀವು ಏನು ಹೇಳಿದ್ರೂ ಸರಿ." ನಾನು ಕಂಬ ಹಿಡಿದುಕೊಂಡಿದ್ದೆ. ಜೇಬಿನಲ್ಲಿ ಪೆನ್ನಿತ್ತು, ಹಾಳೆ ಇರಲಿಲ್ಲ. ಬೆರಳಿನಿಂದ ಕಂಬದ ಮೇಲೇ ಗೆರೆ ಎಳೆದೆ.

ರಾಮಮೂರ್ತಿಗಳು ಕುರ್ಚಿ ತೋರಿಸಿದರು. "ನಲವತ್ತು ವರ್ಷ ಬರ್ದಿದೀನಿ ಸ್ವಾಮಿ. ಅದು ಶಾರ್ಟ್‌ಹ್ಯಾಂಡ್ ಅಲ್ಲ ಅಂತ ಗೊತ್ತಾಗಲ್ವೇ?"

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ನಾವು ಬಂದಿದ್ದು ಹುಡುಗೀನ ನೋಡಕ್ಕೆ. ಇವನ ಪರೀಕ್ಷೆ ಮಾಡಕ್ಕಲ್ಲ." ನನ್ನ ಕಡೆ ತಿರುಗಿದರು. "ಏನೋ ಸಂಕಟ ಪಡ್ತಿದಾನೆ ಅನ್ನೋದು ಕಾಣ್ತಿತ್ತು. ಮೊದಲ ಸಾಲು ಎದ್ದು ಓಡೋ ಹಂಗಿತ್ತು. ಆದ್ರೂ ನಾಲ್ಕು ಸಾಲು ಕೂತೆಯಲ್ಲಪ್ಪಾ. ಕೋರ್ಟಲ್ಲಿ ಎದ್ದು ಓಡೋರನ್ನ ಬಹಳ ನೋಡಿದೀನಿ." ಆಮೇಲೆ ಅಪ್ಪನಿಗೆ, "ಕಾಫಿ ಕುಡೀತೀರಾ?"

ಅಷ್ಟೇ. ಮೂರು ತಿಂಗಳು ನಾನು ಸತ್ತು ಸತ್ತು ಕಾಪಾಡಿದ ಗುಟ್ಟಿಗೆ ಸಿಕ್ಕ ಬೆಲೆ ಒಂದು ಲೋಟ ಕಾಫಿ. ಸಿಟ್ಟು ಬಂತು, ನಿಜವಾಗಿಯೂ.

ನನ್ನಂಥವರು ಯಾರಾದರೂ ಇದನ್ನು ಓದುತ್ತಿದ್ದರೆ: ಆ ಬೆಂಚಿನ ಮೇಲೆ ಕೂರುವುದೇ ಎಲ್ಲಕ್ಕಿಂತ ಕಷ್ಟ. ಬ್ಲೌಸು ಮಾತ್ರ ಒಯ್ಯಬೇಡಿ. ಇನ್ನೂ ಎಂಟು ತಿಂಗಳು ಹೋದೆ. ಬಾಗಿಲು ಬಡಿತ ಈಗಲೂ ಅಪರೂಪಕ್ಕೆ ಬರುತ್ತದೆ, ಒಂದು ಗೆರೆ ಎಳೆಸಿಕೊಂಡು ಹೋಗುತ್ತದೆ.

ಆ ಗುರುವಾರ ಮನೆಗೆ ಬಂದಾಗ ಅಮ್ಮ ಅಪ್ಪನ ಬಗಲು ನೋಡಿದಳು. ಬ್ಲೌಸು ಎಳೆದುಕೊಂಡು ಬಿಡಿಸಿ ನೋಡಿದಳು. ಒಂದು ತೋಳು ಇನ್ನೊಂದಕ್ಕಿಂತ ಎರಡು ಬೆರಳು ಉದ್ದ.

"ಶಾರ್ಟ್‌ಹ್ಯಾಂಡ್ ಮೇಷ್ಟ್ರ ಹತ್ರ ನನ್ನ ಬ್ಲೌಸ್ ಯಾಕಿತ್ರೀ?"

ಅಪ್ಪ ಟೋಪಿಯನ್ನು ಗೂಟಕ್ಕೆ ಹಾಕಿದರು. "ನಾನು ಹೇಳಲ್ಲ. ಶೀನಿ, ನೀನೇ ಹೇಳು."

ವಿಜಯಕ್ಕನೂ ಬಂದು ಬಾಗಿಲಿಗೆ ಒರಗಿದಳು. ನಾನು ನೆಲದ ಮೇಲೆ ಕೂತು, "ಅಮ್ಮಾ, ನಂಗೆ ಗ್ಯಾಸ್ ಇಲ್ಲ," ಅಂತ ಶುರುಮಾಡಿದೆ. ಎಲ್ಲ ಹೇಳಿದೆ. ಅಮ್ಮ ಆ ಬ್ಲೌಸಿನ ಉದ್ದ ತೋಳನ್ನು ಮಡಿಸುತ್ತ, ಬಿಚ್ಚುತ್ತ ಕೇಳಿದಳು. ಮುಗಿದ ಮೇಲೆ ನನ್ನ ತಲೆಯ ಮೇಲೆ ಒಂದು ಕ್ಷಣ ಕೈ ಇಟ್ಟಳು. ಅಡುಗೆಮನೆಗೆ ಹೋದಳು. ಓಮ, ಇಂಗು, ಶುಂಠಿಯ ವಾಸನೆ ಬಂತು.

"ಆಯ್ತು. ಗ್ಯಾಸ್ ಅಲ್ಲ," ಅಂದಳು, ಲೋಟವನ್ನು ನನ್ನ ಮುಂದಿಟ್ಟು. "ಆದ್ರೂ ಇದನ್ನ ಕುಡಿ."